ಮಕ್ಕಳ ಬೇಸಿಗೆ ರಜೆಗೆ ಯಾವ ಬೆಟ್ಟ? ಡಾಲೊಮೈಟ್ಸ್, ಸ್ವಿಸ್, ಸ್ಲೊವೇನಿಯಾ, ಇಲ್ಲಾ ನಮ್ಮ ಹಿಮಾಲಯಾನೇ ಸಾಕಾ?

ಕೋಥ್ರೂಡ್ ಅಕ್ಕ

ಎಲ್ಲರಿಗೂ ನಮಸ್ಕಾರ. ಊರು ಧಾರವಾಡ, ಸಂಸಾರ ಪುಣೆಯ ಕೋಥ್ರೂಡಿನಲ್ಲಿ. ಮುಂದಿನ ಬೇಸಿಗೆ ರಜೆಗೆ ಎಲ್ಲಿ ಹೋಗುವುದು ಅಂತ ಮನೆಯಲ್ಲಿ ಈಗಿನಿಂದಲೇ ಪಂಚಾಯಿತಿ ನಡೆದಿದೆ. ನಿಮ್ಮಲ್ಲಿ ಬೆಟ್ಟ ತಿರುಗಿದವರು ಯಾರಾದರೂ ಇದ್ದರೆ ತೀರ್ಪು ಕೊಡಿ.

ನಾವು ನಾಲ್ಕು ಜನ. ನಾನು, ನಮ್ಮ ಮನೆಯವರು, ಈ ಸಲ ಹತ್ತನೇ ಪರೀಕ್ಷೆ ಬರೆಯುವ ಮಗಳು, ಹನ್ನೊಂದು ವರ್ಷದ ಮಗ. ಬಸ್ಸಿನಲ್ಲಿ ಕೂರಿಸಿ ಏಳು ದಿನಕ್ಕೆ ಏಳು ಊರು ತೋರಿಸುವ ಟೂರು ನಮಗೆ ಬೇಡ. ನಡೆಯಬೇಕು. ಭಾನುವಾರ ಬೆಳಿಗ್ಗೆ ಆತಕರವಾಡಿಯಿಂದ ಸಿಂಹಗಡ ಹತ್ತಿ, ಮೇಲೆ ಪಿಠಲ-ಭಾಕರಿ, ಮಡಕೆ ಮೊಸರು ಮುಗಿಸಿ ಇಳಿಯುವುದು ನಮ್ಮ ರೂಢಿ. ರಾಜಗಡ, ತೋರಣಾ ಆಗಿದೆ. ಕಳಸೂಬಾಯಿಯೂ ಆಗಿದೆ. ಹತ್ತುವುದರಲ್ಲಿ ಯಾರೂ ಹಿಂದೆ ಬೀಳುವುದಿಲ್ಲ. ಆದರೆ ಇಳಿಯುವಾಗ ನಮ್ಮ ಮನೆಯವರ ಬಲ ಮೊಣಕಾಲು ಹಿಡಿದುಕೊಳ್ಳುತ್ತದೆ. ಕಳೆದ ಮಳೆಗಾಲದಲ್ಲಿ ರಾಜಗಡದಿಂದ ಇಳಿಯುವಾಗ ಕೊನೆಗೆ ಪಕ್ಕಕ್ಕೆ ತಿರುಗಿ ಏಡಿ ಹಾಗೆ ಒಂದೊಂದೇ ಹೆಜ್ಜೆ ಇಟ್ಟರು. ಡಾಕ್ಟರು ಆಪರೇಷನ್ ಏನೂ ಬೇಡ, ತೊಡೆಗೆ ವ್ಯಾಯಾಮ ಮಾಡಿ ಅಂದಿದ್ದಾರೆ. ಮಾಡ್ತಾರಾ? ಅದು ಬೇರೆ ಮಾತು.

ಮಗಳು ರೀಲ್ಸ್ ನೋಡಿ ನೋಡಿ ಇಟಲಿಯ ಆಲ್ಪ್ಸ್‌ನಲ್ಲಿರುವ ಡಾಲೊಮೈಟ್ಸ್, ಅದರಲ್ಲೂ ಟ್ರೆ ಚೀಮೆಯ ಮೂರು ಕಲ್ಲುಗಳ ಮುಂದೆ ನಿಲ್ಲಲೇಬೇಕು ಅಂತ ಪಟ್ಟು ಹಿಡಿದಿದ್ದಾಳೆ. ಇವರದು ಸ್ವಿಟ್ಜರ್‌ಲೆಂಡ್. ಆಫೀಸಿನ ಗೆಳತಿ ಸ್ಲೊವೇನಿಯಾ ಅಗ್ಗ ಅಂತಾಳೆ. ಹುಬ್ಬಳ್ಳಿಯ ನಮ್ಮಣ್ಣ, ‘ಅಷ್ಟು ದುಡ್ಡು ಸುರಿಯೋದ್ಯಾಕ, ಕಾಶ್ಮೀರದ ಸರೋವರಗಳ ಟ್ರೆಕ್ ಮಾಡ್ರಿ’ ಅಂತ ಫೋನಿನಲ್ಲಿ ಬೈದ. ರಜೆ ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದವರೆಗೆ. ನಾವು ಸಸ್ಯಾಹಾರಿಗಳು, ಮಕ್ಕಳು ಮೊಟ್ಟೆ ತಿಂತಾರೆ. ಹೊರದೇಶ ಅಂದರೆ ಇದೊಂದೇ ಸಲ, ಉಳಿತಾಯದ ದುಡ್ಡು ತೆಗೆಯುತ್ತೇವೆ, ಸಾಲ ಮಾಡುವುದಿಲ್ಲ. ಹೇಳಿ, ಎಲ್ಲಿಗೆ?


ಹಿಂಜೆವಾಡಿ ಹುಡುಗ

ಅಕ್ಕಾರ, ನಿಮ್ಮ ಅಣ್ಣ ಹೇಳಿದ್ದರಲ್ಲಿ ಅರ್ಧ ಸರಿ. ಹಿಮಾಲಯ ಸರಿ, ಕಾಶ್ಮೀರದ ಆ ಟ್ರೆಕ್ ಸರಿಯಲ್ಲ. ಸೋನಮರ್ಗದಿಂದ ನಾರಾನಾಗ್‌ವರೆಗಿನ ಆ ಹಾದಿಯ ಕಣಿವೆ-ದಾಟುಗಳಲ್ಲಿ, ಅಂದ್ರೆ ಬೆಟ್ಟ ದಾಟೋ ಪಾಸುಗಳಲ್ಲಿ, ಹಿಮ ಕರಗಿ ದಾರಿ ಬಿಡೋದೇ ಜುಲೈಗೆ. ನಿಮ್ಮ ರಜೆ ಅಷ್ಟರಲ್ಲಿ ಮುಗಿದಿರ್ತದೆ. ಮೇಲಾಗಿ ಅಲ್ಲಿನ ಅತಿ ಎತ್ತರದ ದಾಟು 4200 ಮೀಟರ್ ಹತ್ತಿರ, ಎಲ್ಲಾ ರಾತ್ರಿ ಟೆಂಟು, ದಿನದ ನಡಿಗೆಯೂ ಉದ್ದ. ಭಾವನವರ ಮೊಣಕಾಲು ಗಡ್ಸರ್ ಅನ್ನೋ ಆ ದಾಟು ಇಳಿಯೋ ಹೊತ್ತಿಗೆ ಕೈಗೆ ಬರ್ತದೆ.

ಮೇ ತಿಂಗಳಿಗೆ ನನ್ನ ಮತ ಉತ್ತರಾಖಂಡದ ಗಢವಾಲಕ್ಕೆ. ಹರ್ ಕೀ ದೂನ್ ನೋಡಿ. ಡೆಹ್ರಾಡೂನಿನಿಂದ ಸಂಕ್ರಿಗೆ ಗಾಡಿಯಲ್ಲಿ ಇಡೀ ದಿನ. ಅಲ್ಲಿಂದ ಹೊಳೆ ಪಕ್ಕದ ಹಾದಿ, ಹಳ್ಳಿಗಳು, ಮರದ ಮನೆಗಳು, ಎದುರಿಗೆ ಸ್ವರ್ಗಾರೋಹಿಣಿ. ಪಾಂಡವರು ಕೊನೆಗೆ ಸ್ವರ್ಗಕ್ಕೆ ಹತ್ತಿದ್ದು ಆ ಬೆಟ್ಟದಿಂದಲೇ ಅಂತ ಅಲ್ಲಿನವರು ಹೇಳ್ತಾರೆ. ಕಣಿವೆ ಸುಮಾರು 3500 ಮೀಟರಿನಲ್ಲಿದೆ. ಏರಿಕೆ ನಿಧಾನ, ಒಮ್ಮೆಲೇ ಏರೋದಿಲ್ಲ. ಇನ್ನೂ ಸಣ್ಣದು ಬೇಕಂದ್ರೆ ದೇವರಿಯಾತಾಲ್, ಚೋಪ್ತಾ, ತುಂಗನಾಥ. ತುಂಗನಾಥ 3680 ಮೀಟರ್, ಅಲ್ಲಿಂದ ಚಂದ್ರಶಿಲಾ ಒಂದು ಗಂಟೆ. ಬುರಾಂಶ್ ಹೂವಿನ ಶರಬತ್ತು ಕುಡೀರಿ. ಊಟಕ್ಕೆ ಚಿಂತೆಯೇ ಇಲ್ಲ, ಅನ್ನ, ಬೇಳೆ, ರೊಟ್ಟಿ, ಆಲೂಗಡ್ಡೆ.

ಒಂದೇ ಎಚ್ಚರಿಕೆ. ಕಂಪನಿ ಆರಿಸುವಾಗ ಒಂದು ಗುಂಪಿಗೆ ಎಷ್ಟು ಜನ ಅಂತ ಕೇಳಿ, ಬರಹದಲ್ಲಿ ತಗೊಳ್ಳಿ. ನಾವು ಹೋದ ಒಂದು ಕಂಪನಿ ‘ಸಣ್ಣ ಗುಂಪು’ ಅಂತ ಹೇಳಿ ಟೆಂಪೊ ತುಂಬ ಜನ ತಂದಿತ್ತು. ಬೆಳಿಗ್ಗೆ ಶೌಚದ ಟೆಂಟಿನ ಮುಂದೆ ರೇಷನ್ ಅಂಗಡಿ ಸಾಲು!


ಡೊಂಬಿವಲಿ ಭಟ್ಟ

ತಂಗಿ, ನೀವು ಪರ್ವತ ಆರಿಸೋಕೆ ಕೂತಿದ್ದೀರಿ. ಮೊದಲು ತಾರೀಖು ಆರಿಸಿ. ಆಮೇಲೆ ನಿಮ್ಮ ಯಜಮಾನರ ಮೊಣಕಾಲನ್ನು ಕೇಳಿ. ಈ ಎರಡೂ ಸೇರಿ ಪರ್ವತವನ್ನು ತಾವೇ ಆರಿಸಿಬಿಡುತ್ತವೆ, ನೀವು ನಾಲ್ವರು ಜಗಳ ಆಡುವ ಅಗತ್ಯವೇ ಇಲ್ಲ.

ನನ್ನ ಪರಿಚಯ: ಊರು ಕುಮಟಾ, ಬ್ಯಾಂಕಿನಲ್ಲಿದ್ದು ನಿವೃತ್ತಿ ಆಯ್ತು, ಡೊಂಬಿವಲಿಯಲ್ಲಿ ಇದ್ದೇನೆ. ಮಗಳು ಮ್ಯೂನಿಕ್‌ನಲ್ಲಿ ಇರುವುದರಿಂದ ಆಲ್ಪ್ಸ್ ಸ್ವಲ್ಪ ತಿರುಗಿದ್ದೇನೆ. ಹಿಮಾಲಯಕ್ಕೆ ಅದಕ್ಕೂ ಮೊದಲು, ಮಂಡಿ ಮಾತು ಕೇಳುತ್ತಿದ್ದ ಕಾಲದಲ್ಲಿ ಹೋಗಿದ್ದೆ.

ತಾರೀಖಿನ ವಿಷಯ. ನಮ್ಮ ಮಕ್ಕಳ ಬೇಸಿಗೆ ರಜೆ ಮೇ ತಿಂಗಳು. ಆಲ್ಪ್ಸ್‌ನ ಬೇಸಿಗೆ ಶುರುವಾಗುವುದು ನಮ್ಮ ಮಕ್ಕಳು ರೇನ್‌ಕೋಟ್ ಹಾಕಿಕೊಂಡು ಶಾಲೆಗೆ ಹೋಗುವ ಹೊತ್ತಿಗೆ. ಮೇನಲ್ಲಿ ಅಲ್ಲಿ 2000 ಮೀಟರಿನ ಮೇಲೆ, ಅದರಲ್ಲೂ ಬಿಸಿಲು ಬೀಳದ ಉತ್ತರದ ಇಳಿಜಾರಿನಲ್ಲಿ, ಹಿಮ ಇನ್ನೂ ಕೂತಿರುತ್ತದೆ. ಸ್ಕೀ ಸೀಸನ್ ಮುಗಿದಿರುತ್ತದೆ, ನಡೆಯುವವರ ಸೀಸನ್ ಶುರುವಾಗಿರುವುದಿಲ್ಲ. ಎಷ್ಟೋ ಕೇಬಲ್ ಕಾರುಗಳು ರಿಪೇರಿಗೆ ಅಂತ ನಿಂತಿರುತ್ತವೆ. ಡಾಲೊಮೈಟ್ಸ್‌ನ ಬೆಟ್ಟದ ಮೇಲಿನ ತಂಗುಮನೆಗಳು, ರಿಫೂಜಿಯೊ ಅಂತಾರಲ್ಲ, ಅವುಗಳಲ್ಲಿ ಹೆಚ್ಚಿನವು ಬಾಗಿಲು ತೆಗೆಯುವುದೇ ಜೂನ್ 20ರ ಆಸುಪಾಸು. ಮುಚ್ಚುವುದು ಸೆಪ್ಟೆಂಬರ್ ಕೊನೆಗೆ. ಮೇನಲ್ಲಿ ಹೋದರೆ ನಿಮಗೆ ಸಿಗುವುದು ಕಣಿವೆ ಮಾತ್ರ. ಸ್ವಿಸ್‌ನ ಲೌಟರ್‌ಬ್ರುನ್ನೆನ್ ಕಣಿವೆಯಲ್ಲಿ ಆಗ ಹಿಮ ಕರಗಿ ಜಲಪಾತಗಳೆಲ್ಲ ಭೋರ್ಗರೆಯುತ್ತಿರುತ್ತವೆ, ಚಂದವೋ ಚಂದ. ಆದರೆ ನಿಮಗೆ ಬೇಕಾದ್ದು ಅದಲ್ಲ ಅಲ್ವಾ?

ಹಾಗಾಗಿ ಮೇ ಅಂದರೆ ಹಿಂಜೆವಾಡಿ ತಮ್ಮ ಹೇಳಿದ ಗಢವಾಲ, ಚರ್ಚೆಯೇ ಬೇಡ. ಜೂನ್ ಕೊನೆಯ ವಾರ ಅಥವಾ ಜುಲೈ ಸಾಧ್ಯವಿದ್ದರೆ ಮಾತ್ರ ಆಲ್ಪ್ಸ್ ಮಾತು. ಆ ಹೊತ್ತಿಗೆ ಗಢವಾಲದಲ್ಲಿ ಮಳೆ ಹಿಡಿದು ರಸ್ತೆ ಕುಸಿಯಲು ಶುರು. ಹೂಕಣಿವೆಯನ್ನು ಜೂನ್ 1ಕ್ಕೆ ತೆರೆಯುತ್ತಾರೆ, ನಿಜ. ಆದರೆ ಹೂವು ತುಂಬುವುದು ಜುಲೈ ಮಧ್ಯದ ಮೇಲೆ, ಮಳೆಯಲ್ಲೇ. ಅದನ್ನು ಮಳೆ, ಜಿಗಣೆ ರೂಢಿಯಿರುವ ನಾವು ಘಟ್ಟದವರು ತಡೆದುಕೊಂಡೇವು, ಬದರಿಯ ರಸ್ತೆಯಲ್ಲಿ ಗುಡ್ಡ ಜರಿದು ಎರಡು ದಿನ ಜೋಶಿಮಠದಲ್ಲಿ ಕೂರುವುದನ್ನು ಮಕ್ಕಳು ತಡೆದುಕೊಳ್ಳಲ್ಲ.

ಈಗ ಎತ್ತರದ ಮಾತು, ಯಾಕಂದ್ರೆ ಜನ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಆಲ್ಪ್ಸ್ ಇರುವುದು ಸುಮಾರು 46 ಡಿಗ್ರಿ ಉತ್ತರಕ್ಕೆ, ಗಢವಾಲ 31ರಲ್ಲಿ. ಅಲ್ಲಿ ಚಳಿ ಜಾಸ್ತಿ, ಹಾಗಾಗಿ ಮರಗಳು 2000 ಮೀಟರ್ ದಾಟುವಷ್ಟರಲ್ಲಿ ಮುಗಿಯುತ್ತವೆ. ಆಮೇಲೆ ಹುಲ್ಲುಗಾವಲು, ಬಂಡೆ, ಹಿಮ. ಅದೇ ನೋಟ ಗಢವಾಲದಲ್ಲಿ ಬೇಕಂದ್ರೆ 3300-3500 ಮೀಟರ್ ಏರಬೇಕು. ಅಂದರೆ ಉಸಿರು ಗಟ್ಟುವ ಎತ್ತರಕ್ಕೆ ಹೋಗದೆ ಆ ದೃಶ್ಯ ಆಲ್ಪ್ಸ್‌ನಲ್ಲಿ ಸಿಗುತ್ತದೆ. ರಾತ್ರಿ ಮಲಗುವುದು 1200-1500 ಮೀಟರಿನ ಹಳ್ಳಿಯಲ್ಲಿ. ಮಗನಿಗೆ ತಲೆನೋವು, ವಾಂತಿ ಬರುವ ಸಾಧ್ಯತೆ ತೀರಾ ಕಡಿಮೆ. ಗಢವಾಲಕ್ಕೆ ಹೋದರೆ 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬೇಡಿ. ತಲೆ ಸಿಡಿಯುತ್ತಿದೆ ಅಂತ ಮಗ ಅಂದರೆ ಮಾತ್ರೆ ನುಂಗಿಸಿ ಮೇಲಕ್ಕೆ ಎಳೆಯಬೇಡಿ, ಅಲ್ಲೇ ನಿಲ್ಲಿ. ಕಡಿಮೆ ಆಗದಿದ್ದರೆ ಇಳಿದುಬಿಡಿ. ಬೆಟ್ಟ ಅಲ್ಲೇ ಇರುತ್ತದೆ.

ಇನ್ನು ಮೊಣಕಾಲು. ಇಲ್ಲೇ ಆಲ್ಪ್ಸ್ ಗೆಲ್ಲುವುದು, ಮತ್ತು ಇದನ್ನು ಯಾವ ಟೂರಿನವನೂ ಹೇಳಲ್ಲ. ಅಲ್ಲಿಗೆ ಹೋದವರೆಲ್ಲ ಕೇಬಲ್ ಕಾರಿನಲ್ಲಿ ಮೇಲೆ ಹೋಗಿ, ನಡೆದು ಇಳಿಯುತ್ತಾರೆ. ನೀವು ತಿರುಗಿಸಿ. ನಡೆದು ಹತ್ತಿ, ಕೇಬಲ್ ಕಾರಿನಲ್ಲಿ ಇಳಿಯಿರಿ. ಹತ್ತುವಾಗ ದುಡಿಯುವುದು ಹೃದಯ ಮತ್ತು ತೊಡೆ. ಇಳಿಯುವಾಗ ಮೈಭಾರವೆಲ್ಲ ಕುಕ್ಕುವುದು ಮೊಣಕಾಲಿಗೆ. ನಿಮ್ಮ ಸಿಂಹಗಡ ಆತಕರವಾಡಿಯಿಂದ ಸುಮಾರು 600 ಮೀಟರ್ ಏರು. ಅದನ್ನು ಭಾನುವಾರ ಹತ್ತುವವರಿಗೆ ಅಲ್ಲಿನ ಸಾಧಾರಣ ಹಾದಿ ಯಾವುದೂ ಹೊಸದಲ್ಲ. ಇಳಿಯುವ ಟಿಕೆಟ್ ಮಾತ್ರ ತೆಗೆದುಕೊಂಡರೆ ಖರ್ಚೂ ಕಡಿಮೆ. ಕೊನೆಯ ಗಾಡಿ ಎಷ್ಟು ಹೊತ್ತಿಗೆ ಅಂತ ಬೆಳಿಗ್ಗೆಯೇ ಬೋರ್ಡು ನೋಡಿಕೊಳ್ಳಿ, ಎಷ್ಟೋ ಕಡೆ ಸಂಜೆ ಐದಕ್ಕೆಲ್ಲ ಮುಗಿಯುತ್ತದೆ. ಹೊರಗೆ ರಾತ್ರಿ ಒಂಬತ್ತರವರೆಗೆ ಬೆಳಕಿರುತ್ತದೆ, ಅದನ್ನು ನೋಡಿ ಹೊತ್ತು ಮರೆಯಬಾರದು.

ಸ್ವಿಟ್ಜರ್‌ಲೆಂಡ್ ಇದಕ್ಕೆ ಹೇಳಿ ಮಾಡಿಸಿದ ದೇಶ. ರೈಲು ಇಳಿದ ಪ್ಲಾಟ್‌ಫಾರ್ಮಿನ ತುದಿಯಲ್ಲೇ ಹಾದಿಯ ಕಂಬ ಇರುತ್ತದೆ. ಹಳದಿ ಫಲಕ, ಅದರ ಮೇಲೆ ಕಿಲೋಮೀಟರ್ ಅಲ್ಲ, ಗಂಟೆ-ನಿಮಿಷ ಬರೆದಿರುತ್ತಾರೆ. ಬರೀ ಹಳದಿ ಇದ್ದರೆ ಯಾರು ಬೇಕಾದರೂ ಹೋಗಬಹುದು. ಬಿಳಿ-ಕೆಂಪು-ಬಿಳಿ ಪಟ್ಟಿ ಇದ್ದರೆ ಬೆಟ್ಟದ ಹಾದಿ, ಒಳ್ಳೆ ಬೂಟು, ಗಟ್ಟಿ ಹೆಜ್ಜೆ ಬೇಕು. ಬಿಳಿ-ನೀಲಿ-ಬಿಳಿ ಕಂಡರೆ ಮಕ್ಕಳ ಕೈ ಹಿಡಿದು ಹಿಂದೆ ತಿರುಗಿ. ಮೊದಲ ದಿನ ನನ್ನ ಹೆಂಡತಿ ಕಂಬದ ಕೆಳಗೆ ನಿಂತು, ‘ಇವರು ಬರೆದಿದ್ದು ಇವರ ಕಾಲಿನ ಲೆಕ್ಕವೋ ನಮ್ಮ ಕಾಲಿನದ್ದೋ’ ಅಂತ ಕೇಳಿದಳು. ಇವರ ಕಾಲಿನದ್ದೇ. ಫೋಟೊ, ನೀರು, ಬಿಸ್ಕತ್ತು ಅಂತ ನಿಲ್ಲುವವರು ಕಾಲು ಭಾಗ ಸೇರಿಸಿಕೊಳ್ಳಿ.

ಆದರೆ ಸ್ವಿಸ್ ದುಡ್ಡು ತಿನ್ನುತ್ತದೆ. ಬರ್ನೀಸ್ ಓಬರ್‌ಲಾಂಡ್ ಅನ್ನುವ ಅಲ್ಲಿನ ಬೆಟ್ಟದ ಸೀಮೆಯಲ್ಲಿ ನಾಲ್ವರು ಹೋಟೆಲಲ್ಲಿ ಎರಡು ಹೊತ್ತು ಉಂಡರೆ ಬಿಲ್ ನೋಡಿ ಅಜೀರ್ಣ ಆಗುತ್ತದೆ. ಅಡುಗೆಮನೆ ಇರುವ ಫ್ಲಾಟ್ ಹಿಡಿದರೆ ಮಾತ್ರ ಬದುಕಬಹುದು. ಟ್ರಾವೆಲ್ ಪಾಸ್ ತೆಗೆದುಕೊಂಡ ಅಪ್ಪ-ಅಮ್ಮನ ಜೊತೆ 16 ತುಂಬದ ಮಕ್ಕಳಿಗೆ ಪುಕ್ಕಟೆ, ನಿಮ್ಮ ಮಗಳ ಹುಟ್ಟಿದ ತಾರೀಖು ನೋಡಿಕೊಳ್ಳಿ. ಯೂಂಗ್‌ಫ್ರಾವ್‌ಯೋಖ್‌ಗೆ 3454 ಮೀಟರಿಗೆ ರೈಲು ಹೋಗುತ್ತದೆ, 1912ರಿಂದ. ನಡೆಯುವವರಿಗೆ ಅದರ ಅಗತ್ಯವಿಲ್ಲ ಅಂತ ನನ್ನ ಅಭಿಪ್ರಾಯ. ಅಷ್ಟು ದುಡ್ಡಿಗೆ ಮೆನ್ಲಿಖೆನ್‌ನಿಂದ ಕ್ಲೈನ ಶೈಡೆಗ್‌ವರೆಗಿನ ಹಾದಿಯಲ್ಲಿ ಐಗರ್, ಮೋಂಖ್, ಯೂಂಗ್‌ಫ್ರಾವ್ ಮೂರು ಶಿಖರಗಳನ್ನೂ ಎದುರಿಗೆ ಇಟ್ಟುಕೊಂಡು ಒಂದೂವರೆ ಗಂಟೆ ನಡೆಯಬಹುದು. ಹೆಚ್ಚುಕಡಿಮೆ ಸಮತಟ್ಟು, ಮಂಡಿಗೆ ತೊಂದರೆಯಿಲ್ಲ.

ಮೋಂ ಬ್ಲಾಂಕ್ ಸುತ್ತುವ ದೊಡ್ಡ ಯಾತ್ರೆ ಅಂತ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ಮೂರು ದೇಶ, ಸುಮಾರು 170 ಕಿಲೋಮೀಟರ್, ಒಟ್ಟು ಏರಿಕೆ ಹತ್ತು ಸಾವಿರ ಮೀಟರ್ ಹತ್ತಿರ. ಅಷ್ಟೇ ಇಳಿಕೆಯೂ ಇದೆ ಅಂತ ಯಾರೂ ಹೇಳಲ್ಲ. ನಿಮ್ಮ ಯಜಮಾನರಿಗೆ ಬೇಡ, ಮುಗೀತು.

ಡಾಲೊಮೈಟ್ಸ್ ನನ್ನ ಆಯ್ಕೆ, ಮಗಳ ಪಕ್ಷ. ಅಲ್ಲೂ ಕೇಬಲ್ ಕಾರು ಧಾರಾಳ, ಸ್ವಿಸ್‌ಗಿಂತ ಖರ್ಚು ಕಡಿಮೆ. ಬಣ್ಣ ಬೇರೆಯೇ. ಸುಣ್ಣದ ಜಾತಿಯ ಕಲ್ಲು, ಹಗಲೆಲ್ಲ ಬೂದಿ ಬಣ್ಣ, ಸಂಜೆ ಬಿಸಿಲಿಗೆ ಗುಲಾಬಿ. ನಮ್ಮ ಸಹ್ಯಾದ್ರಿಯ ಕರಿಕಲ್ಲು ಮಳೆ ಬಿದ್ದರೆ ಪಾಚಿ ಹಿಡಿದು ಜಾರುತ್ತದೆ ನೋಡಿ, ಇಲ್ಲಿ ಹಾದಿ ಬೇಗ ಒಣಗುತ್ತದೆ. ಆದರೆ ಸಣ್ಣ ಜಲ್ಲಿ ಕಾಲಡಿಯಲ್ಲಿ ಉರುಳುತ್ತದೆ, ಇಳಿಯುವಾಗ ಎರಡು ಕೋಲು ಬೇಕೇ ಬೇಕು. ಇದೇ ನಾಡು ಮೊದಲ ಮಹಾಯುದ್ಧದವರೆಗೆ ಆಸ್ಟ್ರಿಯಾದ್ದು. ಈಗಲೂ ಊರಿಗೆ ಎರಡೆರಡು ಹೆಸರು. ಓರ್ಟಿಸೇ ಅಂತ ಟಿಕೆಟ್ ತೆಗೆದು ಸಾಂಕ್ಟ್ ಉಲ್ರಿಖ್ ಅನ್ನುವ ಬೋರ್ಡು ಕಂಡರೆ ಗಾಬರಿ ಬೇಡ, ಬೆಳಗಾವಿ-ಬೆಳಗಾಂವ್ ನೋಡಿದ ನಮಗೆ ಇದೇನು ಮಹಾ.

ತಂಗುಮನೆಯಿಂದ ತಂಗುಮನೆಗೆ ಚೀಲ ಹೊತ್ತು ಹೋಗುವುದಾ, ಒಂದೇ ಊರಲ್ಲಿ ಇದ್ದು ದಿನಾ ಹೋಗಿಬರುವುದಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಒಂದೇ ಊರು. ಮಳೆ ಬಂದ ದಿನ ಮಲಗಬಹುದು. ಮೊಣಕಾಲು ಮುನಿದ ದಿನ ಅಪ್ಪ ಕೆಳಗೆ ಕಾಫಿ ಕುಡಿಯುತ್ತಾ ಕೂರಬಹುದು. ಮಕ್ಕಳ ಆಸೆಗೆ ಒಂದೇ ಒಂದು ರಾತ್ರಿ ರಿಫೂಜಿಯೊದಲ್ಲಿ ಇರಿ, ಅದು ಬೇರೆಯೇ ಅನುಭವ. ಬಾಗಿಲಲ್ಲೇ ಬೂಟು ಬಿಚ್ಚಿಸುತ್ತಾರೆ. ಮರದ ಹಲಗೆಗಳ ಮೇಲೆ ಸಾಲಾಗಿ ಕೆಸರು ಮೆತ್ತಿದ ಬೂಟು, ಪಕ್ಕದಲ್ಲಿ ಒಳಗೆ ಹಾಕಿಕೊಳ್ಳೋಕೆ ಅವರದೇ ಚಪ್ಪಲಿ. ‘ಇವರಿಗೂ ಮಡಿ ಉಂಟಲ್ಲ’ ಅಂದಳು ನಮ್ಮವಳು. ಬಂಕ್ ಹಾಸಿಗೆ, ಹೊದಿಕೆ ಅವರೇ ಕೊಡುತ್ತಾರೆ. ಒಳಗೆ ಹಾಸುವ ತೆಳು ಬಟ್ಟೆಯ ಚೀಲ ಮಾತ್ರ ನಮ್ಮದೇ ಇರಬೇಕು. ರಾತ್ರಿ ಊಟ, ಬೆಳಗಿನ ತಿಂಡಿ ಸೇರಿ ತಲೆಗೆ 70ರಿಂದ 90 ಯೂರೋ ಹಿಡಿದುಕೊಳ್ಳಿ. ನಗದು ಇಟ್ಟುಕೊಳ್ಳಿ, ಬೆಟ್ಟದ ಮೇಲೆ ಕಾರ್ಡಿನ ಮಷಿನ್ ಎಲ್ಲಾ ದಿನ ಕೆಲಸ ಮಾಡಲ್ಲ.

ಊಟದಲ್ಲಿ ಒಂದು ಗುಟ್ಟು. ಅಲ್ಲಿ ಕನೇದರ್ಲಿ ಅಂತ ಬ್ರೆಡ್ಡಿನ ಉಂಡೆ ಮಾಡುತ್ತಾರೆ, ನೋಡಲು ನಮ್ಮ ನುಚ್ಚಿನುಂಡೆ ಥರಾನೇ. ಮಾಮೂಲಿ ಉಂಡೆಯೊಳಗೆ ಸ್ಪೆಕ್ ಅನ್ನುವ ಹಂದಿಮಾಂಸದ ಚೂರು ಹಾಕಿರುತ್ತಾರೆ. ಪಾಲಕ್‌ನದ್ದು ಅಥವಾ ಚೀಸಿನದ್ದು ಕೊಡಿ ಅಂತ ಕೇಳಬೇಕು. ಹಸಿರು ಉಂಡೆ, ಮೇಲೆ ಕರಗಿದ ಬೆಣ್ಣೆ, ತುರಿದ ಚೀಸು. ಅದರಲ್ಲೂ ಮೊಟ್ಟೆ ಇರುತ್ತದೆ, ಹಾಗಾಗಿ ಅದು ಮಕ್ಕಳಿಗೆ. ನಿಮಗಿಬ್ಬರಿಗೆ ಪೊಲೆಂಟಾ ಇದೆ, ಮೆಕ್ಕೆಜೋಳದ ಮುದ್ದೆ, ಅಣಬೆ ಜೊತೆಗೆ ಕೊಡುತ್ತಾರೆ. ಟೊಮೆಟೊ ಪಾಸ್ತಾ ಎಲ್ಲಾ ಕಡೆ ಸಿಗುತ್ತದೆ. ಸೂಪು ಮಾತ್ರ ಕೇಳದೆ ಕುಡಿಯಬೇಡಿ, ತರಕಾರಿ ಸೂಪಿನ ನೀರು ಮಾಂಸ ಬೇಯಿಸಿದ್ದು ಇರಬಹುದು.

ಜಾಸ್ತಿ ಬರೆದೆ. ತಾರೀಖು ಹೇಳಿ.


ವಾಸ್ಕೋ ಟೀಚರ್

ಭಟ್ರು ಸ್ಲೊವೇನಿಯಾವನ್ನು ಬಿಟ್ಟೇಬಿಟ್ಟರು! ನಾವು ಗೋವಾದಿಂದ ಇಬ್ಬರು ಮಕ್ಕಳ ಜೊತೆ ಹೋಗಿದ್ದೆವು, ಅದಕ್ಕೆ ಬರೀತಿದ್ದೇನೆ. ಬ್ಲೆಡ್‌ನಲ್ಲಿ ಜನಜಾತ್ರೆ, ಅಲ್ಲಿ ಅರ್ಧ ದಿನ ಸಾಕು. ಬೋಹಿನ್ ಸರೋವರದ ದಡದಲ್ಲಿ ಇರಿ. ಅಲ್ಲಿಂದ ವೋಗೆಲ್ ಕೇಬಲ್ ಕಾರು 1500 ಮೀಟರ್ ದಾಟಿಸುತ್ತದೆ. ಸಾವಿತ್ಸಾ ಜಲಪಾತದ ಹತ್ತಿರದಿಂದ ಕೊಮ್ನಾಕ್ಕೆ ಹತ್ತುವ ಹಾದಿ ಮೊದಲ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸಾಮಾನು ಸಾಗಿಸಲು ಮಾಡಿದ್ದು, ಹಾವಿನ ಹಾಗೆ ಸುತ್ತಿ ಸುತ್ತಿ ಏರುತ್ತದೆ, ಏದುಸಿರು ಬರುವಷ್ಟು ಕಡಿದಲ್ಲ. ಪೂರ್ತಿ ಕಾಡಿನ ನೆರಳು. ಮುಂದೆ ಹೋದರೆ ಏಳು ಸರೋವರಗಳ ಕಣಿವೆ.

ಖರ್ಚು ಇಟಲಿಗಿಂತಲೂ ಕಡಿಮೆ. ಆದರೆ ಕೇಳಿ, ಆ ಬೆಟ್ಟವೆಲ್ಲ ಸುಣ್ಣಕಲ್ಲು, ಮಳೆನೀರು ಸೋರಿ ಒಳಗೆ ಹೋಗಿಬಿಡುತ್ತದೆ. ಮೇಲಿನ ತಂಗುಮನೆಗಳಲ್ಲಿ ಸ್ನಾನಕ್ಕೆ ನೀರು ಕೇಳಬೇಡಿ, ಕುಡಿಯೋ ನೀರಿಗೇ ದುಡ್ಡು. ಕೇಬಲ್ ಕಾರು ಕಡಿಮೆ, ಇಳಿಯುವುದು ನಡೆದೇ. ಅಕ್ಕನ ಮನೆಯವರ ಮಂಡಿಗೆ ಇದು ಯೋಚಿಸಬೇಕಾದ ವಿಷಯ. ತ್ರಿಗ್ಲಾವ್ ಶಿಖರ 2864 ಮೀಟರ್, ಅವರ ಧ್ವಜದಲ್ಲೂ 50 ಸೆಂಟಿನ ನಾಣ್ಯದಲ್ಲೂ ಅದೇ ಇದೆ. ಮೇಲಿನ ಭಾಗ ಕಬ್ಬಿಣದ ಹಗ್ಗ ಹಿಡಿದು ಹತ್ತುವುದು, ಮಕ್ಕಳ ಜೊತೆ ಬೇಡ. ನಮ್ಮ ಮಗ ನಾಣ್ಯ ಜೇಬಲ್ಲಿ ಹಾಕಿಕೊಂಡು ಸಮಾಧಾನ ಮಾಡಿಕೊಂಡ.


ಕೋಥ್ರೂಡ್ ಅಕ್ಕ

ಭಟ್ರೇ, ಟೀಚರ್, ತಮ್ಮಾ, ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಊಟಕ್ಕೆ ಕೂತಾಗ ಗಟ್ಟಿಯಾಗಿ ಓದಿ ಹೇಳಿದೆ. ‘ಅಷ್ಟೇ ಇಳಿಕೆಯೂ ಇದೆ’ ಅನ್ನುವಲ್ಲಿ ಇವರು ರೊಟ್ಟಿ ಬಿಟ್ಟು ತಲೆ ಎತ್ತಿದರು.

ತಾರೀಖು ಸಿಕ್ಕಿತು. ಮಗಳದು ಹೇಗೂ ಹತ್ತನೇದು ಮುಗಿದಿರುತ್ತದೆ, ಇಲ್ಲಿ ಹನ್ನೊಂದನೆಯ ತರಗತಿಯ ಆನ್‌ಲೈನ್ ಪ್ರವೇಶ ಜುಲೈವರೆಗೂ ಎಳೆಯುತ್ತದೆ. ಫಾರ್ಮು ತುಂಬೋಕೆ ಫೋನ್ ಸಾಕು. ಮಗನ ಶಾಲೆಗೆ ಹೋಗಿ ಕೇಳಿದೆ, ಜೂನ್ ಕೊನೆಗೆ ಹತ್ತು ದಿನ ತಪ್ಪಿಸಿದರೆ ಪರವಾಗಿಲ್ಲ, ಅರ್ಜಿ ಕೊಡಿ ಅಂದರು. ಇವರಿಗೆ ಆಫೀಸಿನಲ್ಲಿ ಜೂನ್ 22ರಿಂದ ರಜೆ ಸಿಗಬಹುದು. ಅಲ್ಲಿಗೆ ಡಾಲೊಮೈಟ್ಸ್. ಮಗಳು ಕುಣಿದಾಡಿದಳು. ಇವರು, ‘ಸ್ವಿಸ್ ಇಲ್ಲ ಅಂದ್ರ ಇಳಿಯಾಕ ಕೇಬಲ್ ಕಾರ್ ಇರೂ ದಾರಿ ಅಷ್ಟ ನನಗ’ ಅಂತ ಒಪ್ಪಿದರು.

ಈಗ ಎಲ್ಲಿ ಉಳಿಯುವುದು, ಯಾವ ಹಾದಿ ಅಂತ ಹೇಳಿಬಿಡಿ. ವೀಸಾ ಯಾವ ದೇಶದ್ದು ಅನ್ನುವುದರಲ್ಲೂ ಗೊಂದಲ ಇದೆ.


ಡೊಂಬಿವಲಿ ಭಟ್ಟ

ಚಲೋ ಆಯ್ತು. ಬರ್ಕೊಳ್ಳಿ.

ಮುಂಬೈನಿಂದ ಮ್ಯೂನಿಕ್‌ಗೆ ವಿಮಾನ, ಅಲ್ಲಿಂದ ಬೋಲ್ಜಾನೊಗೆ ನೇರ ರೈಲು, ಸುಮಾರು ನಾಲ್ಕು ಗಂಟೆ. ಇನ್ಸ್‌ಬ್ರುಕ್, ಬ್ರೆನ್ನರ್ ದಾಟಿ ಹೋಗುತ್ತದೆ, ಕಿಟಕಿ ಸೀಟಿಗೆ ಮಕ್ಕಳು ಜಗಳ ಆಡಲಿ. ಬೋಲ್ಜಾನೊದಿಂದ ಬಸ್ಸಿನಲ್ಲಿ ಓರ್ಟಿಸೇ. ಮೊದಲ ಅರ್ಧ ಅಲ್ಲಿ ಇರಿ. ಕಾರು ಬೇಡ. ಅಲ್ಲಿನ ವಸತಿಗಳಲ್ಲಿ ಹೆಚ್ಚಿನವು ಅತಿಥಿ ಪಾಸ್ ಕೊಡುತ್ತವೆ, ಅದರಲ್ಲಿ ದಕ್ಷಿಣ ಟಿರೋಲ್ ಅನ್ನುವ ಆ ಪ್ರಾಂತ್ಯದ ಬಸ್ಸು, ರೈಲು ಹೆಚ್ಚುಕಡಿಮೆ ಎಲ್ಲಾ ಪುಕ್ಕಟೆ. ಕಾಯ್ದಿರಿಸುವ ಮೊದಲೇ ಕೇಳಿ.

ಮೊದಲ ದಿನ ಸುಮ್ನೆ ಆಲ್ಪೆ ದಿ ಸಿಯೂಸಿಗೆ ಹೋಗಿ. ಯುರೋಪಿನ ಅತಿ ದೊಡ್ಡ ಬೆಟ್ಟದ ಹುಲ್ಲುಗಾವಲು, 56 ಚದರ ಕಿಲೋಮೀಟರ್. ಜೂನ್ ಕೊನೆಗೆ ಹುಲ್ಲು ಕೊಯ್ದಿರುವುದಿಲ್ಲ, ಹೂವು ಮೊಣಕಾಲೆತ್ತರ. ಎಮ್ಮೆಯಷ್ಟು ದಪ್ಪದ ದನಗಳು ಗಂಟೆ ಕಟ್ಟಿಕೊಂಡು ಹಾದಿಗೆ ಅಡ್ಡ ಮಲಗಿರುತ್ತವೆ, ಕರುವಿದ್ದರೆ ಹತ್ತಿರ ಹೋಗಬೇಡಿ. ಮರುದಿನ ರೆಶೀಸಾ. ಊರಿಂದಲೇ ಹಳಿಯ ಮೇಲೆ ಏರುವ ಬಂಡಿ ಇದೆ. ಮೇಲೆ 2100 ಮೀಟರಿನಲ್ಲಿ ಅಗಲ ಹಾದಿ, ಎದುರಿಗೆ ಓಡ್ಲೆ ಶಿಖರಗಳು. ಎಲ್ಲರೂ ಸೆಚೇಡಾಗೆ ಓಡುತ್ತಾರೆ, ರೀಲ್ಸಿನ ಊರು ಅದೇ. 2025ರ ಬೇಸಿಗೆಯಲ್ಲಿ ಅಲ್ಲಿ ಜಮೀನಿನವರು ಜನಸಂದಣಿಗೆ ಬೇಸತ್ತು ಹಾದಿಗೆ ಗೇಟು ಹಾಕಿ ತಲೆಗೆ 5 ಯೂರೋ ವಸೂಲಿ ಮಾಡಿದರು. ಮಗಳು ಬಿಡಲ್ಲ ಅಂದರೆ ಮೊದಲ ಕೇಬಲ್ ಕಾರಿಗೇ ಹತ್ತಿಸಿ.

ರಿಫೂಜಿಯೊ ರಾತ್ರಿಗೆ ಆಲ್ಪೆ ದಿ ತೀರೆಸ್. 2440 ಮೀಟರ್, ಕೆಂಪು ಚಾವಣಿ, ದೂರದಿಂದಲೇ ಕಾಣುತ್ತದೆ. ಹುಲ್ಲುಗಾವಲಿನಿಂದ ಮೂರು ಗಂಟೆಯ ಏರು. ಮಾರನೆಯ ದಿನ ಅದೇ ಹಾದಿಯಲ್ಲಿ ವಾಪಸ್, ಇಲ್ಲಿ ಮಾತ್ರ ಯಜಮಾನರು ನಡೆದು ಇಳಿಯಬೇಕು. ಕೋಲು ಮರೆಯಬೇಡಿ. ಹಾಸಿಗೆ ಈಗಲೇ ಮಿಂಚಂಚೆ ಬರೆದು ಹಿಡಿಯಿರಿ. ಆ ವರ್ಷ ಬಾಗಿಲು ತೆರೆಯುವ ತಾರೀಖನ್ನೂ ಅದರಲ್ಲೇ ಕೇಳಿ.

ಎರಡನೇ ಅರ್ಧಕ್ಕೆ ಡೊಬ್ಬಿಯಾಕೊ. ಮಗಳ ಟ್ರೆ ಚೀಮೆ ಅಲ್ಲಿಂದ. ಬಸ್ಸು ಔರೊಂಜೊ ತಂಗುಮನೆಯವರೆಗೆ, 2320 ಮೀಟರಿಗೆ ಹೋಗುತ್ತದೆ. ಸೀಟು ಮೊದಲೇ ಹಿಡಿಯಿರಿ. ಅಲ್ಲಿಂದ ಪೂರ್ತಿ ಸುತ್ತು ಸುಮಾರು 10 ಕಿಲೋಮೀಟರ್. ಮೊದಲ ಭಾಗ ಜೀಪು ಹೋಗುವಂಥ ಅಗಲ ಹಾದಿ. ಲಾವರೇದೊ ದಾಟು ಏರಿದ ಕೂಡಲೇ ಮೂರು ಕಲ್ಲಿನ ಉತ್ತರದ ಗೋಡೆ ಎದುರಿಗೆ ಬರುತ್ತದೆ, ನಡುವಿನ ದೊಡ್ಡದು 2999 ಮೀಟರ್, ಒಂದು ಮೀಟರ್ ಕಡಿಮೆ ಬಿತ್ತು ಪಾಪ. ಲೊಕಾಟೆಲ್ಲಿ ತಂಗುಮನೆಯಲ್ಲಿ ಕಾಫಿ ಕುಡಿದು, ಮಂಡಿ ಚೆನ್ನಾಗಿದ್ದರೆ ಸುತ್ತು ಮುಂದುವರಿಸಿ. ಆ ಕಡೆ ಹಾದಿ ಒಮ್ಮೆ ಚೆನ್ನಾಗಿ ಇಳಿದು ಮತ್ತೆ ಏರುತ್ತದೆ. ಇಲ್ಲದಿದ್ದರೆ ಬಂದ ದಾರಿಯಲ್ಲೇ ವಾಪಸ್. ನೋಟ ಎಲ್ಲಾ ಈ ಕಡೆಯೇ ಇರುವುದು, ನಷ್ಟವಿಲ್ಲ.

ದಿನಾ ಏಳಕ್ಕೆ ಮನೆ ಬಿಡಿ. ಜುಲೈ ಮಧ್ಯಾಹ್ನಗಳಲ್ಲಿ ಗುಡುಗು-ಸಿಡಿಲು ಮಾಮೂಲು. ಎರಡು ಗಂಟೆಗೆ ಮೋಡ ಕಪ್ಪಾಗುವ ಹೊತ್ತಿಗೆ ದಿಣ್ಣೆಯ ಮೇಲೆ ಇರಬಾರದು. ಹಿಮದ ಕೆಳಗೆ, ಹಿಮನದಿಯ ಹತ್ತಿರ ಹೋಗುವ ಹಾದಿ ಯಾರು ಹೇಳಿದರೂ ಬೇಡ. 2022ರ ಜುಲೈ 3ರಂದು ಡಾಲೊಮೈಟ್ಸ್‌ನದೇ ಮಾರ್ಮೊಲಾಡಾ ಬೆಟ್ಟದಲ್ಲಿ ಹಿಮನದಿಯ ತುಂಡು ಕಳಚಿ 11 ಜನ ತೀರಿಹೋದರು. ಅಂಥ ಬಿಸಿಲಿನ ವರ್ಷಗಳು ಈಗ ಹೆಚ್ಚು.

ವೀಸಾ: ಎಲ್ಲಿ ಜಾಸ್ತಿ ರಾತ್ರಿ ಇರುತ್ತೀರೋ ಆ ದೇಶದ್ದು. ನೀವು ಇಳಿಯುವುದು ಜರ್ಮನಿಯಲ್ಲಿ, ಇರುವುದು ಇಟಲಿಯಲ್ಲಿ, ಹಾಗಾಗಿ ಅರ್ಜಿ ಇಟಲಿಗೆ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಏಪ್ರಿಲ್ ಬಂತೆಂದರೆ ಮುಂಬೈ ಮಂದಿಯೆಲ್ಲ ಒಟ್ಟಿಗೆ ನುಗ್ಗುತ್ತಾರೆ, ನೀವು ಜನವರಿಯಲ್ಲೇ ದಿನ ಹಿಡಿಯಿರಿ. ದೊಡ್ಡವರಿಗೆ 90 ಯೂರೋ, ಮಗನಿಗೆ 45, ಮೇಲೆ ಅರ್ಜಿ ಕೇಂದ್ರದ ಶುಲ್ಕ. ವಿಮೆ ಕಡಿಮೆಯೆಂದರೆ 30,000 ಯೂರೋದ್ದು ಇರಬೇಕು. ಅದರಲ್ಲಿ ಟ್ರೆಕ್ಕಿಂಗ್ ಸೇರಿದೆಯಾ, ಬೆಟ್ಟದಿಂದ ಎತ್ತಿಕೊಂಡು ಬರುವ ಖರ್ಚು ಸೇರಿದೆಯಾ ಅಂತ ಸಣ್ಣ ಅಕ್ಷರ ಓದಿ. ಗಾಯವೇ ಇಲ್ಲದೆ, ಸುಸ್ತಾಯ್ತು ಅಂತ ಹೆಲಿಕಾಪ್ಟರ್ ಕರೆದರೆ ಟ್ರೆ ಚೀಮೆ ಇರುವ ವೆನೆಟೊ ಪ್ರಾಂತ್ಯದಲ್ಲಿ ಬಿಲ್ ಮನೆಗೇ ಬರುತ್ತದೆ.

ಇನ್ನು ಆರು ತಿಂಗಳು ಯಜಮಾನರು ತೊಡೆಯ ವ್ಯಾಯಾಮ ಮಾಡಲಿ. ಸಿಂಹಗಡವನ್ನು ಹತ್ತಿ, ಇಳಿಯುವಾಗ ಜೀಪಿನಲ್ಲಿ ಬರಲಿ, ನಾಚಿಕೆ ಬೇಡ.


ಹಿಂಜೆವಾಡಿ ಹುಡುಗ

ಗಢವಾಲ ಸೋತಿತು, ಪರವಾಗಿಲ್ಲ. ಅಕ್ಕಾರ, ಮುಂದಿನ ಮೇನಲ್ಲಿ ನೋಡೋಣ. ಒಂದು ಅನುಮಾನ, ಶೇಂಗಾ ಚಟ್ನಿಪುಡಿ, ಪೇಡೆ ಎಲ್ಲಾ ಒಯ್ಯಬಹುದಾ ಅಲ್ಲಿಗೆ? ನಮ್ಮ ಮ್ಯಾನೇಜರ್ ಮ್ಯೂನಿಕ್‌ಗೆ ಹೋಗ್ತಿದ್ದಾನೆ, ಅವನಿಗೂ ಹೇಳಬೇಕು.


ಕೋಥ್ರೂಡ್ ಅಕ್ಕ

ನಾನೂ ಅದನ್ನೇ ಕೇಳಬೇಕಿತ್ತು! ಭಟ್ರ ಮಗಳಿಗೆ ಒಂದು ಕಿಲೋ ಧಾರವಾಡ ಪೇಡೆ ಒಯ್ಯೋಣ ಅಂತ ಇದ್ದೆ.


ಡೊಂಬಿವಲಿ ಭಟ್ಟ

ಚಟ್ನಿಪುಡಿ, ಅವಲಕ್ಕಿ, ಉಪ್ಪಿಟ್ಟಿನ ಮಿಕ್ಸು, ಖಾಕ್ರಾ ಧಾರಾಳ ಒಯ್ಯಿರಿ, ಪೊಟ್ಟಣ ಗಟ್ಟಿಯಾಗಿ ಕಟ್ಟಿ. ಹಾಲಿನಿಂದ ಮಾಡಿದ್ದು ಮತ್ತು ಮಾಂಸ ಯುರೋಪಿನೊಳಗೆ ಬಿಡುವುದಿಲ್ಲ. ಹಾಗಾಗಿ ಪೇಡೆ ಇಲ್ಲ, ಕುಂದಾ ಇಲ್ಲ, ತುಪ್ಪವೂ ಇಲ್ಲ. ಹಸಿ ಕರಿಬೇವು, ಹಾಪೂಸ್ ಮಾವು ಕೂಡ ಬೇಡ, ಪ್ರಮಾಣಪತ್ರ ಕೇಳುತ್ತಾರೆ.

ಪೇಡೆಯನ್ನು ವಿಮಾನ ನಿಲ್ದಾಣಕ್ಕೆ ಬರುವ ದಾರಿಯಲ್ಲಿ ನನಗೆ ಕೊಟ್ಟು ಹೋಗಿ. ಪುಣೆಯಿಂದ ಬರುವ ದಾರಿಯಲ್ಲಿ ಡೊಂಬಿವಲಿ ಸಿಗುವುದಿಲ್ಲ, ಗೊತ್ತು. ಸ್ವಲ್ಪ ಸುತ್ತು ಹಾಕಿ.